ಎಡಗಡೆಯಿಂದ ಬಂದದ್ದು

ಶ್ರೀರಂಗಪಟ್ಟಣ
೧೭ ನವೆಂಬರ್ ೨೦೨೪

ಪ್ರೀತಿಯ ಸಿದ್ದರಾಮು,

ಫೋನ್ ಮಾಡಿದರೆ ನೀನು ನಗಿಸುತ್ತೀಯ, ನಾನೂ ನಕ್ಕು ಮಾತು ಮರೆಸಿಬಿಡುತ್ತೇನೆ. ಅದಕ್ಕೇ ಈ ಕಾಗದ. ನಿನ್ನ ತಂಗಿ ಮಮತಳ ಮದುವೆಗೆ ನಿಮ್ಮವರನ್ನೆಲ್ಲ ಅಕ್ಕಿಹೆಬ್ಬಾಳಿನಿಂದ ನಾಗಮಂಗಲಕ್ಕೆ ನಾನೇ ಟೆಂಪೊದಲ್ಲಿ ಕರೆದೊಯ್ಯುತ್ತೇನೆ ಎಂದು ನಿಮ್ಮವ್ವನಿಗೆ ಮಾತು ಕೊಟ್ಟಿದ್ದೆನಲ್ಲ, ಅದು ನನ್ನಿಂದ ಆಗುವುದಿಲ್ಲ. ಬೇರೆ ಡ್ರೈವರನ್ನು ನೋಡಿಕೋ. ಬೈಯುವ ಮೊದಲು ಪೂರ್ತಿ ಓದು.

ನೆಲದಡಿಯ ಹಾಳು ಪಟ್ಟಣದ ಆ ವಿಡಿಯೊ ಗೇಮ್ ಅನ್ನು ನಾವಿಬ್ಬರೂ ಒಟ್ಟಿಗೇ ಶುರುಮಾಡಿದೆವು, ನೀನು ಅಲ್ಲಿ, ನಾನು ಇಲ್ಲಿ. ಎಲ್ಲಕ್ಕಿಂತ ಕಷ್ಟದ ಮೋಡ್ ಆರಿಸಿದ್ದು ನಿನ್ನ ಹಟ. ಮೊದಮೊದಲು ಬಾಗಿಲು ಕಾಯುವ ಏಡಿಯೇ ನಮ್ಮನ್ನು ಒಳಗೆ ಬಿಡಲಿಲ್ಲ. ಒಂದು ಏಟು ಬಿದ್ದರೆ ಸಾವು, ಮತ್ತೆ ಮೊದಲಿನಿಂದ. ಆಮೇಲೆ ಕವಚ ಸಿಕ್ಕಿತು, ಗಾಳಿಯಲ್ಲಿ ಇನ್ನೊಮ್ಮೆ ನೆಗೆಯಲು ರೆಕ್ಕೆ ಸಿಕ್ಕಿತು. ನಮ್ಮನ್ನು ಕೊಂದ ಏಡಿಗಳನ್ನೇ ಲೆಕ್ಕಕ್ಕಿಡದೆ ದಾಟಿದೆವು. ‘ರೆಕ್ಕೆ ಸಿಕ್ದ್ಮೇಲೆ ಇನ್ನೇನ್ಲಾ ಕಷ್ಟ, ಕಣ್ ಮುಚ್ಕಂಡ್ ಆಡು’ ಅಂದೆ ನೀನು.

ನಿನಗೆ ಸುಲಭವಾದದ್ದು ನನಗೆ ಅಲ್ಲಿಂದಲೇ ಕಷ್ಟವಾಗತೊಡಗಿತು. ನೀರಿನ ಸುರಂಗವನ್ನು ನೀನು ಒಂದೇ ಸಂಜೆ ಮುಗಿಸಿದೆ. ನಾನು ಅಲ್ಲೇ ಸಾಯುತ್ತಿದ್ದೆ. ಯಾವುದು ಹೊಡೆಯಿತು ಎಂದೇ ತಿಳಿಯುತ್ತಿರಲಿಲ್ಲ. ಕಂಟ್ರೋಲರ್ ಕೆಟ್ಟಿದೆ ಎಂದು ಹೊಸದು ತಂದೆ. ಟಿವಿಯನ್ನು ಬೇರೆ ಗೋಡೆಗೆ ಹಾಕಿಸಿದೆ. ಊಟಕ್ಕೆ ಕೂತರೂ ಬೆರಳುಗಳು ಆಡುತ್ತಲೇ ಇರುತ್ತಿದ್ದವು. ಕಟ್ಟಿಕೊಂಡ ತಪ್ಪಿಗೆ ಸಮ್ರೀನ್ ಕೈ ಹಿಡಿದು ನಿಲ್ಲಿಸುತ್ತಿದ್ದಳು.

ಒಂದು ಭಾನುವಾರ ದಾರಿ ತಪ್ಪಿ ಅದೇ ಸುರಂಗಕ್ಕೆ ಇನ್ನೊಂದು ತುದಿಯಿಂದ ಬಂದೆ. ಒಂದು ಏಟೂ ಬೀಳದೆ ದಾಟಿಬಿಟ್ಟೆ. ಹಿಂತಿರುಗಿ ಹೊರಟರೆ ಮತ್ತೆ ಸತ್ತೆ. ಅಲ್ಲಿ ಹೊಡೆಯುವ ಮೀನುಗಳು ಬರುವುದು ಎದುರಿನಿಂದಲೇ. ಬಲಕ್ಕೆ ಹೋಗುವಾಗ ಎಲ್ಲ ಕಾಣುತ್ತಿದ್ದವು. ಎಡಕ್ಕೆ ಹೋಗುವಾಗ ಮೈಮೇಲೆ ಬಿದ್ದಾಗಲೇ ಗೊತ್ತಾಗುತ್ತಿತ್ತು.

ಆಗ ಇನ್ನೊಂದು ನೆನಪಾಯಿತು. ಅದಕ್ಕೆ ಕೆಲವು ದಿನ ಮುಂಚೆ ಚಿನಕುರಳಿ ತಿರುವಿನಲ್ಲಿ ಒಂದು ಸ್ಕೂಟರು ನನ್ನ ಟೆಂಪೊದ ಎಡಕ್ಕೆ ಉಜ್ಜಿ ಬಿದ್ದಿತ್ತು. ಓಡಿಸುತ್ತಿದ್ದ ಹೆಂಗಸಿನ ಮೊಣಕೈ ತರಚಿತು, ಪುಣ್ಯಕ್ಕೆ ಅಷ್ಟೇ. ಎಲ್ಲಿಂದ ನುಗ್ಗಿದಿರಿ ಎಂದು ನಾನೇ ರೇಗಿದೆ. ದಿನಾ ಸೊಪ್ಪಿನ ಗಂಟಿನೊಡನೆ ಮುಂದಿನ ಸೀಟಿಗೆ ಹತ್ತುವ ದ್ಯಾವಮ್ಮ, ‘ಆವಮ್ಮ ಆಗ್ಲಿಂದ ಪಕ್ಕದಲ್ಲೇ ಬತ್ತಾ ಇದ್ಲು ಕಣಪ್ಪ, ನೀ ನೋಡ್ನಿಲ್ವಾ?’ ಅಂದಿದ್ದಳು.

ಮೈಸೂರಿನ ಕಣ್ಣಾಸ್ಪತ್ರೆಗೆ ಬಸ್ಸಿನಲ್ಲಿ ಹೋದೆ. ಬೋಗುಣಿಯಂಥ ಯಂತ್ರಕ್ಕೆ ಮುಖ ಒಡ್ಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಚುಕ್ಕಿಗೆ ಕಾಯುತ್ತ ಸುಮ್ಮನೆ ಕೂತಿದ್ದೆ. ಚುಕ್ಕಿಗಳು ಬರುತ್ತಲೇ ಇದ್ದವಂತೆ. ಕಣ್ಣಿನೊಳಗೆ ಒತ್ತಡ ಏರಿ ನರ ಸವೆದಿದೆ, ಎಡಗಡೆ ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರಮ್ಮ. ಇನ್ನು ಗಾಡಿ ಮುಟ್ಟಬೇಡಿ ಎಂದರು.

ಕೀಲಿಯನ್ನು ಟೆಂಪೊ ಮಾಲೀಕ ನಾಗರಾಜಣ್ಣನ ಕೈಗೆ ಕೊಟ್ಟೆ. ‘ಯಾಕ್ಲಾ, ಬೇರೆ ಕಡೆ ಒಪ್ಕಂಡ್‌ಬುಟ್ಯಾ?’ ಅಂದ. ‘ಎಡಗಡೆ ಕಾಣಾಕಿಲ್ಲ ಕಣಣ್ಣ’ ಅಂದೆ. ಕೀಲಿಯನ್ನು ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದು, ಸ್ಟ್ಯಾಂಡಿನಲ್ಲಿ ಕೂತು ಜನ ಹತ್ತಿಸು ಎಂದ. ನಾನಿನ್ನೂ ಒಪ್ಪಿಕೊಂಡಿಲ್ಲ.

ಸಮ್ರೀನ್‌ಗೆ ಗಾಡಿ ಗ್ಯಾರೇಜಿನಲ್ಲಿದೆ ಎಂದಿದ್ದೇನೆ. ಬೆಳಿಗ್ಗೆ ಎಂದಿನಂತೆ ಹೊರಡುತ್ತೇನೆ. ಹೊಳೆಯವರೆಗೆ ನಡೆದು, ಮತ್ತೆ ಬಸ್ ಸ್ಟ್ಯಾಂಡಿಗೆ ಬಂದು, ಅಲ್ಲಿಂದ ಕೋಟೆ ಬಾಗಿಲಿಗೆ. ಎಲ್ಲೂ ಕೂರಲಾಗುವುದಿಲ್ಲ. ಹಾರ್ನ್ ಕೇಳಿದರೆ ಬಲಗಾಲು ಬ್ರೇಕ್ ಹುಡುಕುತ್ತದೆ.

ಸಂಜೆ ಆಡುತ್ತೇನೆ. ಮೊದಲು ಬೆರಳಿಗಿದ್ದ ಕಷ್ಟ ಈಗ ಕುತ್ತಿಗೆಗೆ. ಮತ್ತೆ ಮತ್ತೆ ಎಡಕ್ಕೆ ತಿರುಗಿ ನೋಡಬೇಕು. ಮೊನ್ನೆ ಹಾಗೇ ತಿರುಗಿ ತಿರುಗಿ ಸುರಂಗ ದಾಟಿದೆ. ಖುಷಿಯಾಗಬೇಕಿತ್ತು, ಅಳು ಬಂತು.

ಮದುವೆಗೆ ಬಂದೇ ಬರುತ್ತೇನೆ. ಗಾಡಿಯಲ್ಲಿ ನಿಮ್ಮವ್ವನ ಪಕ್ಕ ನನಗೊಂದು ಸೀಟು ಇಡಿಸು. ದಾರಿಯುದ್ದಕ್ಕೂ ಡ್ರೈವರಿಗೆ ಬುದ್ಧಿ ಹೇಳುತ್ತ ಕೂರುತ್ತೇನೆ.

ನಿನ್ನ
ಜುಬೇರ್

ತಾ.ಕ.: ಸಮ್ರೀನ್‌ಗೆ ಹೇಗೆ ಹೇಳಲಿ ಎಂದು ನಿನ್ನನ್ನೇ ಕೇಳುವವನಿದ್ದೆ. ಅದು ಈಗ ಬೇಕಿಲ್ಲ. ಸಹಿ ಹಾಕುತ್ತಿದ್ದಂತೆ ಹೆಗಲ ಮೇಲೆ ಕೈ ಬಿತ್ತು. ಚಹಾ ತಂದವಳು ಆಗಿನಿಂದ ನನ್ನ ಎಡಕ್ಕೇ ನಿಂತು ಓದುತ್ತಿದ್ದಳಂತೆ. ಲೋಟ ಮುಟ್ಟಿದರೆ ಚಹಾ ಆರಿಹೋಗಿತ್ತು.