ಕೆಂಪು ಬಟ್ಟೆ ಕಟ್ಟಿದ ನಲ್ಲಿ

ರೀ,

ಆಸ್ಪತ್ರೆಯಲ್ಲಿ ನಮ್ಮಿಬ್ಬರ ಹೆಸರು ಬರೆಸೋಕೆ ಹೋಗ್ತಿದ್ದೀನಿ. ಹತ್ತು ಗಂಟೆಗೆ ಸೀದಾ ಅಲ್ಲಿಗೇ ಬನ್ನಿ. ಕೋಟು ಹೊಲಿದು ಕೊಡಬೇಕು ಅಂತ ನೆಪ ತೆಗೀಬೇಡಿ.

ನಮ್ಮ ಬೋರಿನ ನೀರಿನ ರಿಪೋರ್ಟ್ ಬಂತು. ಮೆಷಿನ್ನಿನ ಸೂಜಿ ಕೆಳಗೇ ಸಿಕ್ಕಿಸಿದ್ದೀನಿ, ಅದನ್ನ ಓದದೆ ಒಂದು ಹೊಲಿಗೆ ಹಾಕೋಕೂ ಆಗಬಾರದು. ನೀರಲ್ಲಿ ಆರ್ಸೆನಿಕ್ ಇದೆ. ವಿಷ. ಹನ್ನೆರಡು ವರ್ಷ ಅದನ್ನೇ ಕುಡಿದಿದ್ದೀವಿ.

"ಕುದಿಸಿದ್ರೆ ಆಯ್ತು ಬಿಡು" ಅನ್ನಬೇಡಿ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಇದು ಸಾಯಲ್ಲ. ನೀರು ಬತ್ತಿದಷ್ಟೂ ವಿಷ ಗಟ್ಟಿಯಾಗುತ್ತೆ. ನಲ್ಲಿಗೆ ನಿಮ್ಮ ಕೆಂಪು ಚೂರುಬಟ್ಟೆ ಕಟ್ಟಿದ್ದೀನಿ. ಬಿಚ್ಚಿದ್ರೆ ನೋಡಿ! ಬಟ್ಟೆ ಒಗೆಯೋಕೆ ಆ ನೀರು ಸಾಕು, ಬಾಯಿಗೆ ಬೇಡ. ಕುಡಿಯೋಕೂ ಅಡುಗೆಗೂ ಹೊರಗಿಂದ ಒಳ್ಳೇ ನೀರು ತಂದಿಟ್ಟಿದ್ದೀನಿ, ಹಸಿರು ಕ್ಯಾನಲ್ಲಿ.

ಅಂಗೈ ಜಡ್ಡುಗಟ್ಟಿದ್ದು ಕತ್ತರಿ ಹಿಡಿದೂ ಹಿಡಿದೂ ಅಂತೀರಲ್ಲ, ನಿಮ್ಮ ಅಂಗಾಲಲ್ಲೂ ಅದೇ ಜಡ್ಡು ಇದೆ. ಅಂಗಾಲು ಯಾವತ್ತು ಕತ್ತರಿ ಹಿಡಿದಿತ್ತು, ಹೇಳಿ? ನನ್ನದನ್ನೂ ನೋಡಿಕೊಂಡೆ. ಶುರುವಾಗಿದೆ.

ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ ಅಂತ ಗಿರಾಕಿಗಳ ಮುಂದೆ ಜಂಬ ಬೇರೆ ಕೊಚ್ಚಿಕೊಳ್ತೀರಿ. ಅದು ಕೈ ಪಳಗಿದ್ದಲ್ಲ ಕಣ್ರೀ, ಬೆರಳು ಜೋಮು ಹಿಡಿದಿರೋದು.

ಹೆದರಬೇಡಿ. ನೀರು ಬದಲಿಸಿದ್ರೆ ಜೋಮು ನಿಧಾನಕ್ಕೆ ಇಳಿಯಬಹುದು ಅಂದರು ಡಾಕ್ಟರು, ಫೋನಲ್ಲಿ ಕೇಳಿದೆ. ಇಳಿದೇ ಇಳಿಯುತ್ತೆ ಅಂತ ನಾನು ಹೇಳ್ತಿದ್ದೀನಿ. ಒಂದು ದಿನ ಸೂಜಿ ಚುಚ್ಚಿ ನೀವು "ಅಮ್ಮಾ!" ಅಂತ ಕೂಗ್ತೀರಿ. ನಾನೇನೂ ಅಡುಗೆಮನೆಯಿಂದ ಓಡಿ ಬರಲ್ಲ. ಇನ್ನೊಂದು ಸಲ ಕೂಗಲಿ ಅಂತ ಅಲ್ಲೇ ನಿಂತು ಕೇಳಿಸ್ಕೋತೀನಿ.