ಎರಡನೇ ಜೋನಿನ ಜ್ವರ

ಬುಧವಾರ, ಬೆಳಿಗ್ಗೆ

ನನ್ನ ಪುಟ್ಟೀ,

ದೇವರು ನಿನ್ನನ್ನು ಕಾಯಲಿ. ಚೆನ್ನಾಗಿದ್ದೀಯಾ ಅಂತ ಕೇಳುವುದಿಲ್ಲ, ಕೇಳಿದರೆ ಸುಳ್ಳು ಹೇಳುತ್ತೀಯ. ಫೋನ್ ಎತ್ತಿದ್ದೇ ತಡ, "ಸರಿ ಇದೀನಮ್ಮಾ, ಇಡ್ತೀನಿ" ಅಂತ ಕತ್ತರಿಸುತ್ತೀಯ. ಅದಕ್ಕೇ ಈ ಪತ್ರ. ನಿನ್ನ ಚಿಕ್ಕಪ್ಪನ ಲಾರಿ ಇವತ್ತು ನಿನ್ನ ತರಬೇತಿ ಶಿಬಿರದ ಕಡೆ ಹೊರಟಿದೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ನೀನು ಸೈಕಲ್ ತುಳಿದದ್ದು, ನಿನ್ನ ಕಾಲಿನ ಬಲ, ಎದೆಬಡಿತ ಎಲ್ಲ ನನ್ನ ಫೋನಿನಲ್ಲೂ ಕಾಣುವ ಹಾಗೆ ಮಾಡಿಕೊಟ್ಟು ಹೋದವಳು ನೀನೇ. "ಅಮ್ಮಾ, ಎರಡನೇ ಜೋನ್ ಅಂದ್ರೆ ಮಾತಾಡ್ಕೊಂಡು ತುಳಿಯೋದು. ನಾಲ್ಕನೇದ್ರಲ್ಲಿ ಒಂದೊಂದೇ ಮಾತು. ಐದ್ರಲ್ಲಿ ನಿನ್ನ ದೇವರ ಹೆಸರೂ ಬಾಯಿಗೆ ಬರಲ್ಲ" ಅಂತ ನಕ್ಕಿದ್ದೆ. ಹೊಲಿಗೆ ಮಿಷನ್ ಪಕ್ಕ ಫೋನ್ ಇಟ್ಟುಕೊಂಡು ದಿನಾ ನೋಡುತ್ತೇನೆ. "ಮಗಳನ್ನ ನೋಡ್ತಿದೀಯೋ, ಷೇರು ಪೇಟೆ ನೋಡ್ತಿದೀಯೋ" ಅಂತ ನಿಮ್ಮಪ್ಪ ರೇಗಿಸುತ್ತಾರೆ.

ಸೋಮವಾರದಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಎರಡೂ ದಿನ ನಿನಗೆ ಹಗುರ ಸವಾರಿ, ಸಪಾಟು ರಸ್ತೆ. ಕಾಲಿನ ಬಲ ಎರಡನೇ ಜೋನಿನದು, ಎದೆಬಡಿತ ಮಾತ್ರ ನಾಲ್ಕರಲ್ಲಿ. ಬೆಳಿಗ್ಗೆ ಎದ್ದ ತಕ್ಷಣದ ಬಡಿತವೂ ಏರಿ ಕೂತಿದೆ. ನಿನ್ನೆ ನಿನ್ನ ಗಂಟಲು ಕಟ್ಟಿತ್ತು, ಕೇಳಿದರೆ ಧೂಳು ಅಂದೆ. ಅದು ಧೂಳಲ್ಲ ಪುಟ್ಟೀ, ಜ್ವರ. ಮಾತ್ರೆ ನುಂಗಿ ಮುಚ್ಚಿಡುತ್ತಿದ್ದೀಯ.

ಭಾನುವಾರದ ಪರೀಕ್ಷೆ ನಿನಗೆ ಎಷ್ಟು ದೊಡ್ಡದು ಅಂತ ಗೊತ್ತು. ಉಸಿರು ಕಿತ್ತು ಬರುವ ಹಾಗೆ ತುಳಿಸಿ, ಮೈ ಎಲ್ಲಿಯವರೆಗೆ ತಾಳೀತು ಅನ್ನುವ ಗೆರೆ ಹುಡುಕುತ್ತಾರೆ. ಬೇಕಾದ ಅಂಕಿ ಬರದಿದ್ದರೆ ತಂಡದಲ್ಲಿ ಜಾಗ ಇಲ್ಲ. ಆದರೆ ಸುಡುವ ಮೈಯಲ್ಲಿ ಸಿಕ್ಕುವ ಗೆರೆ ಜ್ವರದ್ದು ಕಣೇ, ನಿನ್ನದಲ್ಲ. ಕ್ಲಿನಿಕ್ಕಿನ ನರ್ಸಮ್ಮ ನಿನ್ನೆ ಬಟ್ಟೆ ಅಳತೆ ಕೊಡಲು ಬಂದಿದ್ದರು. ಯಾರದೋ ಮಗಳ ವಿಷಯ ಅನ್ನುವ ಹಾಗೆ ಕೇಳಿದೆ. "ಜ್ವರದಲ್ಲಿ ಆ ಪಾಟಿ ಓಡಿಸಿದ್ರೆ ಗುಂಡಿಗೆಗೇ ಬಾವು ಬರಬಹುದು. ಮೊದಲು ನಿಮ್ಮ ಮಗಳನ್ನ ಮಲಗಿಸಿ" ಅಂದರು. ನನ್ನ ಮುಖ ನೋಡಿಯೇ ಹೇಳಿದರು.

ಆಗಿನಿಂದ ದೇವರ ಮುಂದೆ ಕೂತರೂ ಕೈ ಫೋನಿಗೇ ಹೋಗುತ್ತದೆ. ನರ್ಸಮ್ಮನ ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದು ಬಿಚ್ಚಿದೆ, ಮತ್ತೆ ಹಾಗೇ ಹೊಲಿದೆ. ಬಾಗಿಲಿಗೆ ಹೋಗುತ್ತೇನೆ, ಯಾಕೆ ಬಂದೆ ಅಂತ ಮರೆತು ತಿರುಗಿ ಬರುತ್ತೇನೆ. ಒಂದು ಅಂಕಿಗೋಸ್ಕರ ನಿನ್ನ ಜೀವ ಪಣಕ್ಕಿಡಲು ನನ್ನಿಂದಾಗದು.

ನೀನೇ ಕೋಚ್ ಮೇಡಂ ಹತ್ತಿರ ಹೋಗಿ ನಿಜ ಹೇಳು. ಬೈದರೆ ಬೈಸಿಕೋ. ಅಲ್ಲಿಯ ಸಂಗತಿ ನಿಮ್ಮಿಬ್ಬರದು, ನಡುವೆ ನಾನು ಬಾಯಿ ಹಾಕುವವಳಲ್ಲ. ನೀನು ಹೇಳುತ್ತೀಯ ಅನ್ನುವ ನಂಬಿಕೆ ನನಗಿದೆ.

ನಿನ್ನನ್ನು ಹೆತ್ತ,
ಅಮ್ಮ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಈ ಕಾಗದಕ್ಕೆ ಕೂರುವ ಮೊದಲೇ ಕೋಚ್ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. "ಹಾಗಾದ್ರೆ ಈ ಸಲ ಅವಳ ಜಾಗ ಇನ್ನೊಬ್ಬಳಿಗೆ ಹೋಗುತ್ತಮ್ಮಾ, ಆಗಬಹುದಾ?" ಅಂತ ಕೇಳಿದರು. ಹೋಗಲಿ ಅಂದೆ. ನಿನ್ನನ್ನು ಕೇಳದೆ ಅಂದೆ. ನನ್ನ ಜೊತೆ ಮಾತು ಬಿಡುವುದಿದ್ದರೆ ಬಿಡು. ಮೊದಲು ಮಲಗು.