ಕುಂಕುಮ ಒರೆಸದ ಪಿಟೀಲು

ಸುಲೋಚನಾ ಆಂಟಿ,

ನೀವು ತೀರಿಕೊಂಡು ವರ್ಷವಾಯಿತು, ಈಗಲಾದರೂ ನಡುವೆ ತಿದ್ದದೆ ಕೇಳಿ. ನಮ್ಮ ಐರಿಷ್ ಬ್ಯಾಂಡಿನ ಮೊದಲ ಆಲ್ಬಂ ನಿನ್ನೆ ಷಿಕಾಗೋದ ಪಬ್ಬೊಂದರಲ್ಲಿ ಬಿಡುಗಡೆಯಾಯಿತು. ನಿನ್ನೆಯೇ ಆಯುಧಪೂಜೆ. ಆ ದಿನ ವಾದ್ಯ ಮುಟ್ಟಬಾರದೆಂದು, ಪಿಟೀಲಿನ ಜೊತೆಗೇ ಕಲಿಸಿದವರು ನೀವು. ನಾನು ಪೂಜೆಗಿಟ್ಟ ಪಿಟೀಲನ್ನೇ ಎತ್ತಿಕೊಂಡು ಹೋದೆ, ಕುಂಕುಮವನ್ನೂ ಒರೆಸದೆ.

"ಪಬ್ಬಲ್ಲಿ ಯಾವ ದೇವ್ರು ಇರ್ತಾನೆ ಕಣೆ?" ಎಂದು, ನಾನು ಪಬ್ಬಲ್ಲಿ ನುಡಿಸತೊಡಗಿದಾಗ ನನ್ನ ಪಾಠ ನಿಲ್ಲಿಸಿದಿರಲ್ಲ, ಆಲ್ಬಂ ತುಂಬ ಇರುವುದು ಆ ದೇವರೇ. ನಮ್ಮ ಹಾಡುಗಾರ ಕೀರನ್ ಹಾಡಿನಲ್ಲಿ ಆ ದೇವರನ್ನು "ಬೂಟು ಬಿಚ್ಚದೆ ಒಳಗೆ ಬಾ" ಎಂದು ಕರೆಯುತ್ತಾನೆ. ನೀವಾಗಿದ್ದರೆ ಮೊದಲು ಕಾಲು ತೊಳೆಸುತ್ತಿದ್ದಿರಿ. ಜನ ಗ್ಲಾಸು ಕೆಳಗಿಟ್ಟು ಕೇಳಿದರು. ತಪ್ಪಾಯಿತು ಅನ್ನುವುದಿಲ್ಲ, ಆಂಟಿ.

ಹಾಡು ಶುರುವಾಗುವ ಮೊದಲು ಮಾತ್ರ, ತಂತಿ ಶ್ರುತಿ ಮಾಡಿ, ನಿಮ್ಮ ಅಡುಗೆಮನೆಯಿಂದ "ಇನ್ನೊಂಚೂರು ಏರ್ಸೇ" ಎಂದು ಕೇಳಿಬರಲು ಬೇಕಾಗುತ್ತಿದ್ದಷ್ಟು ಹೊತ್ತು ಕಾದೆ. ಯಾರೂ ಅನ್ನಲಿಲ್ಲ. ಸರಿಯಾಗಿಯೇ ಇದೆ ಎಂದುಕೊಂಡು ಕಮಾನು ಎತ್ತಿದೆ.